ಕೆಸರಿನ ಅನಿಲ: ಮೀಥೇನ್ ಕುರಿತ ಅರಿವು ಬೆಳೆದ ಬಗೆ

ಜೌಗುನೆಲದ ಕೆಸರಿನಿಂದೇಳುವ ಅನಿಲವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ಕೀರ್ತಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾನದು. 1776ರ ನವೆಂಬರ್‌ನಲ್ಲಿ ಆತ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿದನು. ಲೋಹ ಮತ್ತು ಆಮ್ಲಗಳ ಸಂಯೋಗದಿಂದ ದೊರೆಯುವ ಜಲಜನಕಕ್ಕಿಂತ ಈ ದಹ್ಯವಾಯು ಭಿನ್ನವೆಂದು ಅವನು ಗುರುತಿಸಿದನು. ಮುಂದೆ ಇದಕ್ಕೆ ಮೀಥೇನ್ ಎಂಬ ಹೆಸರು ಬಂದಿತು.

ಅನಿಲದ ಸ್ವರೂಪ ತಿಳಿದರೂ ಅದರ ಉತ್ಪಾದಕರು ಯಾರೆಂಬುದು ತಿಳಿಯಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಬೇಗನೆ ಮುಗಿಯುತ್ತದೆ. ಬಳಿಕ ಸೂಕ್ಷ್ಮಜೀವಿಗಳು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ ಹಾಗೂ ಸಲ್ಫೇಟುಗಳನ್ನು ಅವಲಂಬಿಸುತ್ತವೆ. ಸಮುದ್ರದಲ್ಲಿ ಸಲ್ಫೇಟ್ ಹೇರಳವಾಗಿದೆ. ಸಿಹಿನೀರಿನಲ್ಲಿ ಅದು ವಿರಳ. ಆದ್ದರಿಂದ ಸಿಹಿನೀರಿನ ಕೆಸರಿನಲ್ಲಿ ಕೊಳೆತ ಸಸ್ಯಾಂಶದ ಇಂಗಾಲದ ಗಣನೀಯ ಪಾಲು ಕೊನೆಗೆ ಮೀಥೇನ್ ಆಗುತ್ತದೆ. ಜಲಜನಕ ಮತ್ತು ಇಂಗಾಲದ ಡೈಆಕ್ಸೈಡುಗಳಿಂದ ಸೂಕ್ಷ್ಮಜೀವಿಗಳು ಮೀಥೇನನ್ನು ರೂಪಿಸುತ್ತವೆಂದು 1906ರಲ್ಲಿ ಹಾಲೆಂಡಿನ ಸೋಂಗೆನ್ ತೋರಿಸಿದನು.

ಈ ಅಧ್ಯಯನದಲ್ಲಿ ಭಾರತದ ಪಾಲು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಮದರಾಸು ಪ್ರಾಂತ್ಯದಲ್ಲಿ ಹ್ಯಾರಿಸನ್ ಮತ್ತು ಸುಬ್ರಹ್ಮಣ್ಯ ಅಯ್ಯರ್ ಅವರು ಭತ್ತದ ಗದ್ದೆಯ ಅನಿಲಗಳನ್ನು ವಿಶ್ಲೇಷಿಸಿ 1913ರಿಂದ ಪ್ರಬಂಧಗಳನ್ನು ಪ್ರಕಟಿಸಿದರು. ಮಣ್ಣಿನೊಳಗೆ ಹುಟ್ಟುವ ಮೀಥೇನ್, ಮೇಲ್ಪದರದ ಪಾಚಿ ಹಾಗೂ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಉತ್ಕರ್ಷಣಗೊಳ್ಳುತ್ತದೆಂಬುದನ್ನು ಅವರು ಗುರುತಿಸಿದರು. ಹುಟ್ಟುವ ಅನಿಲವೆಲ್ಲ ಹೊರಬೀಳುವುದಿಲ್ಲವೆಂಬ ಈ ತಿಳಿವಳಿಕೆ ಮುಂದಿನ ಲೆಕ್ಕಾಚಾರಗಳಿಗೆ ಅತ್ಯಗತ್ಯವಾದುದು.

1967ರಲ್ಲಿ ಇನ್ನೊಂದು ನಂಬಿಕೆ ಕುಸಿಯಿತು. ಒಂದೇ ಜೀವಿಯೆಂದು ದಶಕಗಳ ಕಾಲ ತಿಳಿಯಲಾಗಿದ್ದ 'ಮೀಥನೊಬ್ಯಾಸಿಲಸ್ ಒಮೆಲಿಯಾನ್‌ಸ್ಕಿಯೈ' ವಾಸ್ತವವಾಗಿ ಎರಡು ಜೀವಿಗಳ ಸಹವಾಸವೆಂದು ಬ್ರಯಂಟ್ ಮತ್ತು ಸಂಗಡಿಗರು ಸಾಬೀತುಪಡಿಸಿದರು. ಒಂದು ಮದ್ಯಸಾರವನ್ನು ವಿಘಟಿಸಿ ಜಲಜನಕವನ್ನು ಬಿಡುತ್ತಿತ್ತು. ಇನ್ನೊಂದು ಅದನ್ನು ಬಳಸಿ ಮೀಥೇನ್ ತಯಾರಿಸುತ್ತಿತ್ತು. ಹತ್ತು ವರ್ಷಗಳ ನಂತರ, 1977ರಲ್ಲಿ, ವೋಸ್ ಮತ್ತು ಫಾಕ್ಸ್ ಮೀಥೇನ್‌ಜನಕಗಳನ್ನು ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಜೀವವಂಶವೆಂದು ವರ್ಗೀಕರಿಸಿದರು.

1990ರ ಸುಮಾರಿಗೆ ಈ ಜ್ಞಾನಕ್ಕೆ ರಾಜಕೀಯ ಮಹತ್ವ ಒದಗಿತು. ಭಾರತದ ಗದ್ದೆಗಳು ವರ್ಷಕ್ಕೆ ಸುಮಾರು 37 ದಶಲಕ್ಷ ಟನ್ ಮೀಥೇನ್ ಹೊರಬಿಡುತ್ತವೆಂದು ಅಮೆರಿಕದ ಅಂದಾಜೊಂದು ಹೇಳಿತು. ಅದಕ್ಕೆ ಪಾಶ್ಚಾತ್ಯ ಗದ್ದೆಗಳ ಅಳತೆಗಳೇ ಆಧಾರ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ವಿವಿಧ ಗದ್ದೆಗಳಲ್ಲೇ ಅಳತೆ ನಡೆಯಿತು. ದೊರೆತ ಮೊತ್ತ ಸುಮಾರು 4 ದಶಲಕ್ಷ ಟನ್. ಮಳೆಯಾಶ್ರಿತ ಗದ್ದೆಗಳು ನಡುನಡುವೆ ಒಣಗುವುದೂ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆಯಿರುವುದೂ ಈ ಅಂತರಕ್ಕೆ ಮುಖ್ಯ ಕಾರಣಗಳು.

ಒಂದು ನೆಲದ ಅಳತೆಯನ್ನು ಇನ್ನೊಂದರ ಮೇಲೆ ಹೇರಿದಾಗ ಹೊಣೆಗಾರಿಕೆಯ ಹಂಚಿಕೆಯೇ ತಪ್ಪುತ್ತದೆ. ವೋಲ್ಟಾನಿಂದ ಮಿತ್ರ ಅವರವರೆಗೆ ಕೆಸರಿನ ಅರಿವು ಬೆಳೆದದ್ದು ಆಯಾ ಕೆಸರಿಗೇ ಇಳಿದು ನೋಡಿದುದರಿಂದ.