ಪುಟ್ಟಪ್ಪನವರ ಸರ್‌ನೇಮ್ ಯಾವುದು?

ಬೆಳಿಗ್ಗೆ ಆಫೀಸಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಕೊಡುತ್ತೀರಲ್ಲ, ಆಗ ನಿಮ್ಮನ್ನು ಗುರುತಿಸುವುದು ಸಾಮಾನ್ಯವಾಗಿ ನಿಮ್ಮ ಮೇಜಿನ ಮೇಲಿನ ಡಬ್ಬಿ ಅಲ್ಲ. ಅದು ಇನ್ನೆಲ್ಲೋ ಇರುವ ಡೈರೆಕ್ಟರಿಯನ್ನು ಕೇಳುತ್ತದೆ: "ಇವರು ನಮ್ಮವರೇನಾ? ಯಾವ ಫೋಲ್ಡರ್ ತೋರಿಸಲಿ?" ಅಕೌಂಟ್ಸ್‌ನವರಿಗೆ, ಎಚ್‌ಆರ್‌ನವರಿಗೆ ಇದನ್ನು ವಿವರಿಸುವಾಗ ನಾನು ಟೆಲಿಫೋನ್ ಡೈರೆಕ್ಟರಿಯಿಂದಲೇ ಶುರು ಮಾಡುವುದು. ಬರೀ ಹೋಲಿಕೆಗಲ್ಲ, ಎರಡರ ವಂಶವೂ ಒಂದೇ.

1878ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಬಂದ ಟೆಲಿಫೋನ್ ಡೈರೆಕ್ಟರಿ ಒಂದೇ ಒಂದು ಹಾಳೆ. ಸುಮಾರು 50 ಹೆಸರು, ನಂಬರೇ ಇಲ್ಲ! ಆಪರೇಟರಿಗೆ ಹೆಸರು ಹೇಳಿದರೆ ಸಾಕಿತ್ತು.

ಅದಾಗಿ ನೂರಹತ್ತು ವರ್ಷಕ್ಕೆ, 1988ರಲ್ಲಿ, ಟೆಲಿಫೋನ್ ಜಗತ್ತಿನ ನಿಯಮ ಬರೆಯುವ ಸಿಸಿಐಟಿಟಿಯೂ ಐಎಸ್‌ಒ ಸಂಸ್ಥೆಯೂ ಸೇರಿ ಎಕ್ಸ್.500 ಎಂಬ ಮಾನಕ ತಂದವು. ಕನಸು ದೊಡ್ಡದು. ಇಡೀ ಪ್ರಪಂಚಕ್ಕೆ ಒಂದೇ ಮರ: ಮೊದಲು ದೇಶ, ಅದರಡಿ ಸಂಸ್ಥೆ, ಅದರಡಿ ವಿಭಾಗ, ತುದಿಯಲ್ಲಿ ನೀವು. ನಾವು ಕಾಗದದ ಮೇಲೆ ವಿಳಾಸ ಬರೆಯುತ್ತೇವಲ್ಲ, ಅದನ್ನೇ ಕೆಳಗಿನಿಂದ ಓದಿದ ಹಾಗೆ. ಆದರೆ ಅದರ ಭಾರ ಆಗಿನ ಮೇಜಿನ ಕಂಪ್ಯೂಟರುಗಳಿಗೆ ಹೊರಲಾಗಲಿಲ್ಲ. 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಜೊತೆಗಾರರು ಇಳಿಸಿದ ಹಗುರ ರೂಪವೇ ಎಲ್‌ಡ್ಯಾಪ್. ಪ್ರಪಂಚದ ಮರ ಬೆಳೆಯಲೇ ಇಲ್ಲ, ಕಂಪನಿಗೊಂದು ಗಿಡ ಬೆಳೆಯಿತು. ಅದೇ ವರ್ಷ ನಾವೆಲ್ ಕಂಪನಿಯ ಡೈರೆಕ್ಟರಿ ಬಂತು, 2000ದಲ್ಲಿ ವಿಂಡೋಸ್ 2000 ಜೊತೆಗೆ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ.

ಇಲ್ಲಿಗೆ ಪುಸ್ತಕ ಹೋಗಿ ಕಾವಲುಗಾರ ಆಯಿತು. ಯಾರಾದರೂ ಕೆಲಸ ಬಿಟ್ಟರೆ ಒಂದು ನಮೂದು ಬಂದ್ ಮಾಡಿದರೆ ಸಾಕು, ಅದನ್ನು ನಂಬಿದ ಮೇಲ್, ಫೈಲ್, ಪ್ರಿಂಟರ್ ಎಲ್ಲದರ ಬಾಗಿಲೂ ಮುಚ್ಚಿಕೊಳ್ಳುತ್ತದೆ.

ನನಗೆ ಕುತೂಹಲ ಇರುವುದು ಬೇರೆ ಕಡೆ. ಆ ಮಾನಕದ ಪ್ರಕಾರ ಮನುಷ್ಯನ ನಮೂದಿಗೆ ಎರಡು ಕಡ್ಡಾಯ: ಕರೆಯುವ ಹೆಸರು, ಮತ್ತು ಸರ್‌ನೇಮ್. ಫೋನ್ ಇಲ್ಲದಿದ್ದರೂ ನಡೆದೀತು, ಸರ್‌ನೇಮ್ ಇಲ್ಲದೆ ನೀವು ಮನುಷ್ಯರಲ್ಲ! ಬರೆದವರಿಗೆ ಇದು ವಿಚಿತ್ರ ಅನ್ನಿಸಿರಲಾರದು.

ಈಗ ನಮ್ಮ ಕುವೆಂಪು ಅವರನ್ನು ಸೇರಿಸಿ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರು. ಇದ್ದ ಕ್ರಮದಲ್ಲೇ ತುಂಬಿದರೆ "ಡಿಯರ್ ಕುಪ್ಪಳಿ" ಅಂತ ಮೇಲ್ ಬರುತ್ತದೆ. ತಿರುಗಿಸಿ ಹಾಕಿದರೆ ತಂದೆಯ ಹೆಸರಿನಲ್ಲಿ ಕರೆಯುತ್ತಾರೆ, 'ಪ' ಅಕ್ಷರದಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಒಂದೇ ಹೆಸರಿನವರ ಪಾಡು ಇನ್ನೂ ಚೆಂದ, ಸರ್‌ನೇಮ್ ಜಾಗದಲ್ಲಿ ಒಂದು ಚುಕ್ಕೆ, ಇಲ್ಲವೇ ಅದೇ ಹೆಸರು ಇನ್ನೊಮ್ಮೆ. ಆಕ್ಟಿವ್ ಡೈರೆಕ್ಟರಿ ಸರ್‌ನೇಮ್ ಕಡ್ಡಾಯ ಮಾಡಿಲ್ಲ, ಆದರೆ ಅದಕ್ಕೆ ಹೆಸರು ಉಣಿಸುವ ಫಾರಂಗಳು ಬಿಡಬೇಕಲ್ಲ...

ಮದ್ದು ಇದೆ. 2000ದಲ್ಲಿ ಬಂದ ಒಂದು ಎಲ್‌ಡ್ಯಾಪ್ ವಿಸ್ತರಣೆಯಲ್ಲಿ 'ಡಿಸ್‌ಪ್ಲೇ ನೇಮ್' ಎಂಬ ಜಾಗವಿದೆ, ಆಕ್ಟಿವ್ ಡೈರೆಕ್ಟರಿಯಲ್ಲೂ ಇದೆ. ಪರದೆ ಮೇಲೆ ಹೆಸರು ಹೇಗೆ ಕಾಣಬೇಕೋ ಹಾಗೆ ಅಲ್ಲಿ ಬರೆಯಬಹುದು, ಲಾಗಿನ್ ಬದಲಾಗುವುದಿಲ್ಲ. ನಿಮ್ಮ ಹೆಸರು ಉಲ್ಟಾ ಕಾಣುತ್ತಿದ್ದರೆ ಸಿಸ್ಟಮ್ ಅಡ್ಮಿನ್ ಹತ್ತಿರ ಹೋಗಿ ಈ ಒಂದು ಪದ ಹೇಳಿ ನೋಡಿ, ಎರಡು ನಿಮಿಷದ ಕೆಲಸ.