ಸ್ಪೀಕರ್ ಚಿಕ್ಕದಾಯ್ತು, ರಿಸೀವರ್ ಯಾಕೆ ದೊಡ್ಡದಾಯ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಿಮ್ಮಲ್ಲಿ ಬಹಳಷ್ಟು ಜನ ಇದನ್ನ ಇಯರ್‌ಫೋನ್‌ನಲ್ಲೇ ಕೇಳ್ತಾ ಇದ್ದೀರಿ, ಗೊತ್ತು. ಇವತ್ತಿನ ಕಥೆ ಮಾತ್ರ ಇಯರ್‌ಫೋನ್ ತೆಗೆದಿಟ್ಟು, ಮನೆಯ ಹಾಲ್‌ನಲ್ಲಿ ಕೂತು ಹಾಡು ಕೇಳೋದಕ್ಕೆ ಸಂಬಂಧಪಟ್ಟಿದ್ದು.

ನಮ್ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಜೊತೆ ಎರಡು ಪ್ಲಾಸ್ಟಿಕ್ ಸ್ಪೀಕರ್ ಬಂದಿದ್ದವು. ಮುಂಭಾಗದಲ್ಲಿ ಫಳಫಳ ಹೊಳೆಯುವ ಸ್ಟಿಕ್ಕರ್: 1000 ವಾಟ್, ಪಿಎಂಪಿಒ. ಬೀದಿಯ ಹುಡುಗರಿಗೆಲ್ಲ ತೋರಿಸಿದ್ದೆ. ಎಷ್ಟೋ ವರ್ಷದ ಮೇಲೆ ಒಂದು ದಿನ ಅದರ ಅಡಾಪ್ಟರ್ ತಿರುಗಿಸಿ ನೋಡ್ತೀನಿ, ಅಲ್ಲಿ ಬರೆದಿರೋ ವೋಲ್ಟೇಜನ್ನ ಕರೆಂಟಿನಿಂದ ಗುಣಿಸಿದ್ರೆ 10 ವಾಟ್ ಕೂಡ ಬರಲ್ಲ! ಒಳಗೆ ಹೋಗೋದು 10, ಹೊರಗೆ ಬರೋದು 1000. ಸಾವಿರ ವಾಟ್ ಅಂದ್ರೆ ಇಸ್ತ್ರಿ ಪೆಟ್ಟಿಗೆ ಕಣ್ರೀ. ಆ ಸ್ಪೀಕರ್ ಮುಟ್ಟಿದ್ರೆ ಬೆಚ್ಚಗೂ ಆಗ್ತಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಕಾಲಕ್ಕೆ ಸಾಲುಸಾಲಾಗಿ ಇಂಥ ಡಬ್ಬಗಳು ಇರ್ತಿದ್ದವು. ಇವತ್ತೂ ಆನ್‌ಲೈನ್‌ನಲ್ಲಿ ಹುಡುಕಿ, ಸಂಖ್ಯೆ ಬೇರೆ, ಸ್ಟಿಕ್ಕರ್ ಅದೇ. ಹೊಸದಾಗಿ ಮ್ಯೂಸಿಕ್ ಸಿಸ್ಟಂ ಕೊಳ್ಳೋಕೆ ಹೊರಟವರು ಮೊದಲು ಕೇಳೋ ಪ್ರಶ್ನೆ ಏನು? "ಎಷ್ಟು ವಾಟ್?" ಈ ಪ್ರಶ್ನೆ ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಒಳ್ಳೆ ಇತಿಹಾಸ ಇದೆ. ಅದು ನಡೆದದ್ದು ಅಮೆರಿಕದಲ್ಲಿ, ಹೆಚ್ಚುಕಡಿಮೆ 1925ರಿಂದ 1980ರ ನಡುವೆ.

1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಬ್ಬರು ಎಂಜಿನಿಯರ್‌ಗಳು, ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, ಇವತ್ತಿಗೂ ನಾವು ಬಳಸೋ ಸ್ಪೀಕರ್‌ನ ಮೂಲರೂಪ ಕಟ್ಟಿದರು. ಕಾಗದದ ಶಂಕು, ಅದರ ಹಿಂದೆ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಮರುವರ್ಷ ಅದು ರೇಡಿಯೋಲಾ 104 ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದರೊಳಗೇ ಆಂಪ್ಲಿಫೈಯರ್ ಇತ್ತು. ಎಷ್ಟು ವಾಟ್ ಗೊತ್ತಾ? ಒಂದು. ಒಂದೇ ಒಂದು ವಾಟ್.

ವಾಲ್ವ್‌ಗಳ ಕಾಲ ಅದು. ವಾಟ್ ಅನ್ನೋದು ಬಹಳ ದುಬಾರಿ. ಹಾಗಾಗಿ ಇರೋ ಚೂರು ಶಕ್ತಿಯಲ್ಲೇ ಜೋರಾಗಿ ಕೂಗೋ ಸ್ಪೀಕರ್ ಬೇಕಿತ್ತು. ಪರಿಣಾಮ, ಸ್ಪೀಕರ್‌ಗಳು ದೊಡ್ಡವಾದವು. ಬೀರುವಿನಷ್ಟು ದೊಡ್ಡವು. 1946ರಲ್ಲಿ ಅರ್ಕಾನ್ಸಾಸ್ ರಾಜ್ಯದ ಹೋಪ್ ಅನ್ನೋ ಪುಟ್ಟ ಊರಲ್ಲಿ ಪಾಲ್ ಕ್ಲಿಪ್ಷ್ ಅನ್ನೋರು ಕಂಪನಿ ಶುರು ಮಾಡಿ ಕ್ಲಿಪ್ಷ್‌ಹಾರ್ನ್ ಮಾರೋಕೆ ನಿಂತರು. ನಾಲ್ಕಡಿ ಮೀರಿದ ಎತ್ತರ, ಒಳಗೆ ಮಡಚಿಟ್ಟ ಕಹಳೆ. ಅದನ್ನ ಕೋಣೆಯ ಮೂಲೆಗೇ ಇಡಬೇಕು, ಯಾಕಂದ್ರೆ ಎರಡು ಗೋಡೆಗಳೂ ಆ ಕಹಳೆಯ ಬಾಯಿಯ ಮುಂದುವರಿಕೆ ಇದ್ದ ಹಾಗೆ! ನನಗೆ ಇದು ಇವತ್ತಿಗೂ ಬೆರಗಿನ ವಿಷಯ. ಮನೆಯನ್ನೇ ವಾದ್ಯ ಮಾಡಿಬಿಟ್ಟಿದ್ದ ಆಸಾಮಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 105 ಡೆಸಿಬಲ್. ಕಿವಿ ಗುಂಯ್ ಅನ್ನುತ್ತೆ.

ಆದ್ರೆ ಅಂಥದ್ದನ್ನ ಇಡೋಕೆ ಮನೆಯೂ ಹಾಗೇ ಇರಬೇಕಲ್ವಾ? ಚಿಕ್ಕ ಮನೆಯವರಿಗೆ ಆಳವಾದ ಬೇಸ್, ಅಂದ್ರೆ ಮೃದಂಗದ ಎಡಭಾಗದ ಆ ಗುಮುಕು, ಸಿಗೋದೇ ಇಲ್ಲ ಅನ್ನೋ ಪರಿಸ್ಥಿತಿ ಇತ್ತು.

ಇಲ್ಲಿ ಬರ್ತಾರೆ ನಮ್ಮ ಕಥಾನಾಯಕ, ಎಡ್ಗರ್ ವಿಲ್ಚರ್. ಓದಿದ್ದು ಕಲಾ ಇತಿಹಾಸ. ರಂಗಸಜ್ಜಿಕೆ ಮಾಡೋನಾಗಬೇಕು ಅಂದುಕೊಂಡಿದ್ದವರು. ಎರಡನೇ ಮಹಾಯುದ್ಧ ಬಂತು, ಸೇನೆ ಇವರನ್ನ ಹಿಡಿದು ರೇಡಿಯೋ, ರೇಡಾರ್ ರಿಪೇರಿಗೆ ಹಾಕಿತು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ತಂತ್ರದ ಪಾಠ ಹೇಳ್ತಾ, ವುಡ್‌ಸ್ಟಾಕ್‌ನ ಮನೆಯಲ್ಲಿ ಪ್ರಯೋಗ ಮಾಡ್ತಾ ಇದ್ದರು.

ವಿಲ್ಚರ್ ಕಂಡುಕೊಂಡದ್ದು ಇಷ್ಟು. ಆಗಿನ ಸ್ಪೀಕರ್‌ನಲ್ಲಿ ಶಂಕುವನ್ನು ಮತ್ತೆ ಮಧ್ಯಕ್ಕೆ ಎಳೆದು ತರ್ತಿದ್ದದ್ದು ಅದರ ಅಂಚಿನ ಗಟ್ಟಿ ಪಟ್ಟಿ, ಅಂದ್ರೆ ಸಸ್ಪೆನ್ಷನ್. ಬೇಸ್ ಬಂದಾಗ ಶಂಕು ತುಂಬಾ ದೂರ ಓಡಾಡಬೇಕು. ಆಗ ಈ ಸ್ಪ್ರಿಂಗ್ ಒಂದೇ ಸಮನಾಗಿ ಎಳೆಯಲ್ಲ, ಧ್ವನಿ ಒಡೆಯುತ್ತೆ. ಸರಿ, ಅದನ್ನ ಸಡಿಲ ಬಿಟ್ಟರೆ? ಡಬ್ಬವನ್ನ ಗಾಳಿಯಾಡದ ಹಾಗೆ ಮುಚ್ಚಿಬಿಟ್ಟರೆ? ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಗುತ್ತೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಗೊತ್ತಾಗುತ್ತೆ. ಗಾಳಿ ಬಟ್ಟೆ, ಕಾಗದದ ಪಟ್ಟಿಗಿಂತ ಎಷ್ಟೋ ನಿಯತ್ತಿನ ಸ್ಪ್ರಿಂಗ್. ಇನ್ನೂ ಮಜಾ ಅಂದ್ರೆ, ಈ ಉಪಾಯ ಕೆಲಸ ಮಾಡೋಕೆ ಡಬ್ಬ ಚಿಕ್ಕದಾಗಿಯೇ ಇರಬೇಕು. ಮೊದಲ ಮಾದರಿಗೆ ಹಾಸಿಗೆ ಹೊಲಿಯೋ ಬಟ್ಟೆ ಕತ್ತರಿಸಿ ಅಂಚು ಮಾಡಿದ್ದರು ಅಂತ ಕಥೆ ಇದೆ.

ದೊಡ್ಡ ತಯಾರಕರು ಈ ಉಪಾಯ ನಮಗೆ ಬೇಡ ಅಂದರು. ಆಗ ವಿದ್ಯಾರ್ಥಿಯಾಗಿ ಬಂದಿದ್ದ ಹೆನ್ರಿ ಕ್ಲಾಸ್ ಜೊತೆ ಸೇರಿಕೊಂಡು 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ತೆರೆದರು. ಮೊದಲ ಸ್ಪೀಕರ್ ಎಆರ್-1. ಎತ್ತರ ಎರಡಡಿ ಚಿಲ್ಲರೆ. ಆದ್ರೆ ಬೇಸ್ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳಿಗೆ ಸವಾಲು ಹಾಕುವಂಥದ್ದು.

1958ರಲ್ಲಿ ಎಆರ್-3 ಬಂತು. ಇದನ್ನ ಇಟ್ಟುಕೊಂಡು ಕಂಪನಿ ಒಂದು ಆಟ ಆಡಿತು. ವೇದಿಕೆ ಮೇಲೆ ಫೈನ್ ಆರ್ಟ್ಸ್ ಕ್ವಾರ್ಟೆಟ್ ಕಲಾವಿದರು ಪಿಟೀಲು ನುಡಿಸ್ತಾ ಇರ್ತಾರೆ. ನಡುವೆ ಬಿಲ್ಲು ಆಡಿಸೋದನ್ನ ನಿಲ್ಲಿಸದೆ ಸುಮ್ಮನೆ ನಟನೆ ಮಾಡ್ತಾರೆ, ಧ್ವನಿ ಬರೋದು ಸ್ಪೀಕರ್‌ನಿಂದ. ಎಲ್ಲಿ ಬದಲಾಯ್ತು ಅಂತ ಸಭಿಕರಿಗೆ ಹೇಳೋದು ಕಷ್ಟವಾಗ್ತಿತ್ತು. ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಕೋಣೆ ಮಾಡಿ, ಯಾರು ಬೇಕಾದ್ರೂ ಬಂದು ಕೂತು ಕೇಳಿ ಅಂದರು. ಅಲ್ಲಿ ಏನನ್ನೂ ಮಾರ್ತಿರಲಿಲ್ಲ. ರೈಲಿಗೆ ಇನ್ನೂ ಅರ್ಧ ಗಂಟೆ ಇದೆ, ಬನ್ನಿ, ಬೇಥೋವನ್ ಕೇಳಿ ಹೋಗಿ ಅನ್ನೋ ಹಾಗೆ. ಇಂಥ ಜಾಗ ನಮ್ಮಲ್ಲಿ ಒಂದಾದರೂ ಇದ್ದಿದ್ರೆ ನನ್ನ ಎಷ್ಟು ದುಡ್ಡು ಉಳೀತಿತ್ತೋ.

ಸರಿ, ಚಿಕ್ಕ ಡಬ್ಬ, ಆಳವಾದ ಬೇಸ್. ಹಾಗಾದ್ರೆ ಕಳಕೊಂಡಿದ್ದೇನು?

ದಕ್ಷತೆ. ಈ ಸ್ಪೀಕರ್‌ಗಳು ವಾಟ್ ಕುಡಿಯುತ್ತವೆ. ಕ್ಲಾಸ್ 1957ರಲ್ಲಿ ಹೊರಬಂದು ಇಬ್ಬರು ಪಾಲುದಾರರ ಜೊತೆ ಕೆಎಲ್‌ಎಚ್ ಕಂಪನಿ ಕಟ್ಟಿದರಲ್ಲ, ಆ ಹೆಸರಿನ ಕೊನೆಯ ಅಕ್ಷರ ಆಂಟನ್ ಹಾಫ್‌ಮನ್ ಅವರದು. ಸ್ಪೀಕರ್ ಮಾಡೋರು ಇವತ್ತಿಗೂ ಅವರ ಹೆಸರಲ್ಲೇ ಒಂದು ಉಕ್ಕಿನ ನಿಯಮ ಹೇಳ್ತಾರೆ: ಆಳವಾದ ಬೇಸ್, ಚಿಕ್ಕ ಡಬ್ಬ, ಕಡಿಮೆ ವಾಟ್‌ಗೆ ಹೆಚ್ಚು ಧ್ವನಿ. ಮೂರರಲ್ಲಿ ಎರಡು ಆರಿಸ್ಕೊಳ್ಳಿ, ಮೂರನೆಯದು ಸಿಗಲ್ಲ.

ಲೆಕ್ಕ ನೋಡಿ. ಧ್ವನಿ 3 ಡೆಸಿಬಲ್ ಏರಬೇಕಾದ್ರೆ ವಾಟ್ ಎರಡರಷ್ಟಾಗಬೇಕು. 10 ಡೆಸಿಬಲ್‌ಗೆ ಹತ್ತರಷ್ಟು. ಈಗಿನ ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರ್ ಒಂದು ವಾಟ್‌ಗೆ 87 ಡೆಸಿಬಲ್ ಕೊಡುತ್ತೆ ಅಂದ್ಕೊಳ್ಳಿ. ಕ್ಲಿಪ್ಷ್‌ಹಾರ್ನ್ 1 ವಾಟ್‌ನಲ್ಲಿ ಮಾಡೋ ಸದ್ದನ್ನ ಇದು ಮಾಡಬೇಕಾದ್ರೆ 60 ವಾಟ್ ದಾಟಬೇಕು. ಒಂದಕ್ಕೆ ಅರವತ್ತು! ಅಂದ್ರೆ ಜಾಗ ಉಳಿಸಿದ್ದಕ್ಕೆ ಬಾಡಿಗೆಯನ್ನ ಆಂಪ್ಲಿಫೈಯರ್ ಕಟ್ಟಬೇಕಾಯ್ತು.

ಅದೇ ಹೊತ್ತಿಗೆ, 1958ರ ಸುಮಾರಿಗೆ, ಸ್ಟೀರಿಯೋ ರೆಕಾರ್ಡ್ ಬಂತು. ಈಗ ಒಂದಲ್ಲ, ಎರಡು ಸ್ಪೀಕರ್ ಬೇಕು. ಎರಡು ಬೀರು ಯಾರು ಇಡ್ತಾರೆ? ಪುಟ್ಟ ಡಬ್ಬ ಗೆದ್ದುಬಿಡ್ತು. 1966ರ ಹೊತ್ತಿಗೆ ಅಮೆರಿಕದ ಸ್ಪೀಕರ್ ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅಕೌಸ್ಟಿಕ್ ರಿಸರ್ಚ್‌ನದ್ದೇ ಆಗಿತ್ತು. ಮರುವರ್ಷ ವಿಲ್ಚರ್ ಕಂಪನಿ ಮಾರಿ, ಕಿವಿ ಮಂದವಾದವರ ಶ್ರವಣ ಸಾಧನಗಳ ಸಂಶೋಧನೆಗೆ ಇಳಿದರು. ಅದೇ ಬೇರೆ ಸಂಚಿಕೆಗೆ ಆಗುವಷ್ಟು ದೊಡ್ಡ ಕಥೆ.

ಇನ್ನು ರಿಸೀವರ್. ಮೊದಲು ರೇಡಿಯೋ ಟ್ಯೂನರ್ ಬೇರೆ, ಪ್ರೀ-ಆಂಪ್ಲಿಫೈಯರ್ ಬೇರೆ, ಪವರ್ ಆಂಪ್ಲಿಫೈಯರ್ ಬೇರೆ. ಇವನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿದ ಮೊದಲಿಗರಲ್ಲಿ ಒಂದು ಹರ್ಮನ್ ಕಾರ್ಡನ್, 1954ರ ಫೆಸ್ಟಿವಲ್ ಮಾದರಿ. ಎಆರ್-1 ಬಂದ ವರ್ಷವೇ. 1961ರಲ್ಲಿ ಎಫ್‌ಎಂ ಕೂಡ ಸ್ಟೀರಿಯೋ ಆಯ್ತು, ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾಯ್ತು. ಜಾಹೀರಾತುಗಳಲ್ಲಿ ಸಂಖ್ಯೆಗಳ ಜಾತ್ರೆ ಶುರು.

ಸುಳ್ಳು ಹೇಳೋದು ಸುಲಭವಿತ್ತು. ಕಣ್ಣು ಮಿಟುಕಿಸೋಷ್ಟು ಹೊತ್ತು ಬರೋ ಶಿಖರವನ್ನೇ ಅಳೆಯೋದು. ಎರಡೂ ಚಾನೆಲ್ ಕೂಡಿಸಿ ಹೇಳೋದು. ಧ್ವನಿ ಒಡೆದು ಚೂರಾದ ಮೇಲಿನ ಅಂಕಿ ಬರೆಯೋದು. ಒಂದೇ ಮಷೀನು, ಬೇಕಾದ ಸಂಖ್ಯೆ. ನನ್ನ ಸ್ಪೀಕರ್ ಮೇಲಿದ್ದ ಪಿಎಂಪಿಒ ಈ ವಂಶದ ಕುಡಿಯೇ.

1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಕಡಿವಾಣ ಹಾಕಿತು. ವಾಟ್ ಅಂತ ಬರೆದರೆ ಅದು ನಿರಂತರವಾಗಿ ಕೊಡೋ ವಾಟ್ ಆಗಿರಬೇಕು. ಎಡ, ಬಲ ಎರಡೂ ಒಟ್ಟಿಗೆ ಓಡ್ತಾ ಇರಬೇಕು. ಎಷ್ಟು ಓಮ್‌ಗೆ, ಯಾವ ಆವರ್ತನದಿಂದ ಯಾವ ಆವರ್ತನದವರೆಗೆ, ಎಷ್ಟು ವಿರೂಪದೊಳಗೆ ಅಂತಲೂ ಹೇಳಬೇಕು. ಅಳೆಯೋ ಮೊದಲು ಮೂರನೇ ಒಂದು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಬಿಸಿ ಮಾಡಬೇಕು. ಇದರಿಂದ ಆಗಿದ್ದು ತಮಾಷೆ. ಸುಳ್ಳು ವಾಟ್ ಹೋಗಿ ನಿಜವಾದ ವಾಟ್‌ಗೇ ಪೈಪೋಟಿ ಬಿತ್ತು. 1978ರಲ್ಲಿ ಬಂದ ಪಯೋನಿಯರ್ ಎಸ್‌ಎಕ್ಸ್-1980 ಒಂದೊಂದು ಚಾನೆಲ್‌ಗೆ 270 ವಾಟ್, ತೂಕ ಸುಮಾರು 35 ಕೆಜಿ. ಒಬ್ಬರ ಕೈಲಿ ಎತ್ತಿ ಇಡೋ ಸಾಮಾನಲ್ಲ.

ಈಗ ನಮ್ಮ ಹಾಲ್‌ಗೆ ವಾಪಸ್ ಬರೋಣ.

ನಾನು ಮಾಡಿದ ತಪ್ಪು ಹೇಳ್ತೀನಿ. ಮೊದಲು ರಿಸೀವರ್ ಕೊಂಡೆ, ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಚೆಂದದ 4 ಓಮ್ ಸ್ಪೀಕರ್ ಸಿಕ್ಕಿತು, ತಂದೆ. ದೀಪಾವಳಿಗೆ ಮನೆ ತುಂಬಾ ಜನ. ವಾಲ್ಯೂಮ್ ಏರಿಸಿದ ಹತ್ತು ನಿಮಿಷಕ್ಕೆ ರಿಸೀವರ್ ಟಕ್ ಅಂತ ಆಫ್. ಮತ್ತೆ ಆನ್, ಮತ್ತೆ ಟಕ್. 8 ಓಮ್‌ಗಾಗಿ ಮಾಡಿದ ಯಂತ್ರಕ್ಕೆ 4 ಓಮ್ ಸ್ಪೀಕರ್ ಹಾಕಿದ್ರೆ ಅದೇ ವೋಲ್ಟೇಜ್‌ಗೆ ಎರಡರಷ್ಟು ಕರೆಂಟ್ ಎಳೆಯುತ್ತೆ, ಯಂತ್ರ ಕಾಯುತ್ತೆ, ಜೀವ ಉಳಿಸ್ಕೊಳ್ಳೋಕೆ ಬಾಗಿಲು ಹಾಕ್ಕೊಳ್ಳುತ್ತೆ. ಪಾಪ, ಅದರದ್ದೇನೂ ತಪ್ಪಿಲ್ಲ. ಅಂದ ಹಾಗೆ ಆ ಹಳೇ ಎಆರ್-3 ಕೂಡ 4 ಓಮ್‌ನದೇ.

ಹಾಗಾಗಿ ಮೊದಲು ಕೋಣೆ, ಆಮೇಲೆ ಸ್ಪೀಕರ್, ಕೊನೆಗೆ ರಿಸೀವರ್. ಕಿವಿಗೆ ತಲುಪೋ ಸ್ವಭಾವವನ್ನ ಬಹುಪಾಲು ಕೊಡೋದು ಸ್ಪೀಕರ್, ಮತ್ತೆ ಅದು ನಿಂತಿರೋ ಕೋಣೆ. ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಗಲಿ. ಸ್ಪೀಕರ್ ಹಿಂದಿನ ಎರಡು ಸಾಲು ಓದಿ: ಸೆನ್ಸಿಟಿವಿಟಿ ಎಷ್ಟು ಡೆಸಿಬಲ್, ಇಂಪಿಡೆನ್ಸ್ ಎಷ್ಟು ಓಮ್. 87 ಡೆಸಿಬಲ್, 8 ಓಮ್‌ನದ್ದಾದ್ರೆ ನಮ್ಮಂಥವರ ಹಾಲ್‌ಗೆ ಚಾನೆಲ್‌ಗೆ 50 ನಿಜವಾದ ವಾಟ್ ಧಾರಾಳ. ಮಾತಾಡಿಕೊಂಡು ಕೇಳೋ ವಾಲ್ಯೂಮ್‌ನಲ್ಲಿ ಸರಾಸರಿ ಒಂದು ವಾಟ್ ಕೂಡ ಖರ್ಚಾಗಲ್ಲ, ಉಳಿದದ್ದು ತಬಲದ ಏಟಿನಂಥ ಕ್ಷಣಗಳಿಗೆ. 50ರ ಬದಲು 60 ವಾಟ್‌ಗೆ ಜಾಸ್ತಿ ದುಡ್ಡು ಕೇಳಿದ್ರೆ ಕೊಡಬೇಡಿ, ವ್ಯತ್ಯಾಸ ಒಂದು ಡೆಸಿಬಲ್ ಕೂಡ ಇಲ್ಲ. ಇನ್ನು, ಬಡಕಲು ಆಂಪ್ಲಿಫೈಯರ್‌ನ ಮಿತಿ ಮೀರಿ ತಿರುಗಿಸೋದೂ ಅಪಾಯವೇ. ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗಿ, ಮೊದಲು ಸುಡೋದು ಟ್ವೀಟರ್.

ಹೋಂ ಥಿಯೇಟರ್ ರಿಸೀವರ್ ಆದ್ರೆ ಇನ್ನೊಂಚೂರು ಹುಷಾರು. "7 ಚಾನೆಲ್, ಚಾನೆಲ್‌ಗೆ 150 ವಾಟ್" ಅಂತ ಇರುತ್ತೆ. ಕೆಳಗೆ ಇರುವೆಯಷ್ಟು ಸಣ್ಣಕ್ಷರದಲ್ಲಿ "6 ಓಮ್, 1 ಕಿಲೋಹರ್ಟ್ಸ್, 10% ವಿರೂಪ, ಒಂದು ಚಾನೆಲ್ ಮಾತ್ರ" ಅಂತ ಇದ್ರೆ ಅದು 1974ಕ್ಕೆ ಮುಂಚಿನ ಆಟವೇ. ಅಮೆರಿಕ 2024ರಲ್ಲಿ ತನ್ನ ನಿಯಮ ಮತ್ತೆ ಬಿಗಿ ಮಾಡಿತು: 8 ಓಮ್, 20ರಿಂದ 20,000 ಹರ್ಟ್ಸ್, 1%ಗಿಂತ ಕಡಿಮೆ ವಿರೂಪ. ನೀವು ಅಂಗಡಿಯಲ್ಲಿ ಕೇಳಬೇಕಾದ್ದೂ ಅದನ್ನೇ, ಎರಡೂ ಚಾನೆಲ್ ಓಡುವಾಗ ಈ ಲೆಕ್ಕಕ್ಕೆ ಎಷ್ಟು ವಾಟ್ ಅಂತ. ಉತ್ತರ ಬರದಿದ್ರೆ ಸ್ಪೆಕ್ ಶೀಟ್ ಫೋನಿನಲ್ಲೇ ಸಿಗುತ್ತೆ, ಅಲ್ಲೇ ನಿಂತು ತೆಗೆದು ನೋಡಿ. ಮತ್ತೆ ನಿಮಗೆ ಬಾಯಿಪಾಠ ಇರೋ ಹಾಡು ಎರಡು ಮೂರು ಒಯ್ಯಿರಿ, ಅವರ ಡೆಮೊ ಹಾಡು ಬೇಡ.

ನಿಮ್ಮ ಕೈಯಲ್ಲಿರೋ ಆ ಬ್ಲೂಟೂತ್ ಸ್ಪೀಕರ್ ಇದೆಯಲ್ಲ, ಅದಕ್ಕೂ ಹಾಫ್‌ಮನ್ ನಿಯಮವೇ. ವಾಲ್ಯೂಮ್ ಪೂರ್ತಿ ಏರಿಸಿದಾಗ ಬೇಸ್ ಮೆಲ್ಲಗೆ ಮಾಯವಾಗೋದನ್ನ ಗಮನಿಸಿದ್ದೀರಾ? ಒಳಗಿನ ಚಿಪ್ ಲೆಕ್ಕ ಹಾಕಿ, ಪುಟ್ಟ ಶಂಕು ಹರಿದುಹೋಗದ ಹಾಗೆ ಬೇಸ್ ಕತ್ತರಿಸ್ತಾ ಇರುತ್ತೆ. ಇವತ್ತು ಮನೆಗೆ ಹೋಗಿ ಒಂದೇ ಹಾಡನ್ನ ಅರ್ಧ ವಾಲ್ಯೂಮ್‌ನಲ್ಲಿ ಒಮ್ಮೆ, ಪೂರ್ತಿ ವಾಲ್ಯೂಮ್‌ನಲ್ಲಿ ಒಮ್ಮೆ ಹಾಕಿ ಕೇಳಿ. ಪಕ್ಕದ ಮನೆಯವರು ಮಲಗೋಕೆ ಮುಂಚೆ ಮಾಡಿ ಮತ್ತೆ.