ಅಲಮಾರಿಯ ಲೆನ್ಸಿಗೆ ಬೆಲೆ ಕಟ್ಟುವವರು ಯಾರು?

ಠಾಣಾ ಕುಶನೂರ, ಔರಾದ್, ಭಾಲ್ಕಿ ಕಡೆಯ ಹಳೆಯ ಫೋಟೊ ಸ್ಟುಡಿಯೋಗಳಲ್ಲಿ ಒಂದು ಅಲಮಾರಿ ಇರುತ್ತದೆ. ಬಾಗಿಲು ತೆಗೆದರೆ ಯಾಶಿಕಾ, ಜೆನಿಟ್, ಪೆಂಟ್ಯಾಕ್ಸ್, ನಿಕಾನ್ ಧೂಳು ಹೊದ್ದು ಕೂತಿರುತ್ತವೆ. ಅಂಗಡಿ ನಡೆಯುವುದು ಈಗ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಮೇಲೆ. ದೀಪಾವಳಿ ಮುಂದೆ ಸುಣ್ಣ ಬಳಿಯುವ ಹೊತ್ತಿಗೆ ಯಾರೋ ಬರುತ್ತಾರೆ, ‘ಹಳೇದೆಲ್ಲಾ ಸೇರಿಸಿ ಇಷ್ಟು ಕೊಡ್ತೀನಿ’ ಎಂದು ನೋಟು ಮುಂದೆ ಹಿಡಿಯುತ್ತಾರೆ. ಹಬ್ಬದ ಖರ್ಚಿಗೆ ಆಯಿತೆಂದು ಕೊಟ್ಟುಬಿಡುತ್ತಾರೆ. ಹೋದ ಸಾಮಾನಿನಲ್ಲಿ ಯಾವುದು ರದ್ದಿ, ಯಾವುದಕ್ಕೆ ಬೆಲೆ ಇತ್ತು ಎಂದು ಕೊಟ್ಟವರಿಗೆ ಕೊನೆತನಕ ತಿಳಿಯುವುದಿಲ್ಲ.

ಲೆನ್ಸಿನ ಬೆಲೆ ವಯಸ್ಸಿನಿಂದ ಬರುವುದಿಲ್ಲ, ತೂಕದಿಂದಲೂ ಬರುವುದಿಲ್ಲ. ಗಾಜು ಚೆನ್ನಾಗಿದ್ದರೆ ಬಾಕಿ ಪ್ರಶ್ನೆ ಒಂದೇ: ಇವತ್ತಿನ ಯಾವ ಕ್ಯಾಮೆರಾದ ಮೇಲೆ ಅದು ಕೂರುತ್ತದೆ? ಈ ಪ್ರಶ್ನೆಯ ಉತ್ತರ ಕಳೆದ ಅರವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾದಾಗಲೆಲ್ಲ ಯಾರೋ ಕಳೆದುಕೊಂಡರು, ಯಾರೋ ಗಳಿಸಿದರು. ಆ ಕತೆ ಗೊತ್ತಿದ್ದರೆ ಮುಂದಿನ ಸಲ ನೋಟು ಹಿಡಿದು ಬಂದವರ ಜೊತೆ ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಲೆನ್ಸಿಗೆ ಸರಿಯಾದ ಬೆಲೆ ಸಿಗದ ದೂರು ನಮ್ಮದೇ ಮೊದಲಲ್ಲ. 1840ರಲ್ಲಿ ವಿಯೆನ್ನಾದ ಗಣಿತದ ಮೇಷ್ಟ್ರು ಜೋಸೆಫ್ ಪೆಟ್ಜ್‌ವಾಲ್ ಮನುಷ್ಯರ ಮುಖ ತೆಗೆಯಲೆಂದೇ ಒಂದು ಲೆನ್ಸಿನ ಲೆಕ್ಕ ಹಾಕಿಕೊಟ್ಟರು. ಅದಕ್ಕಿಂತ ಮುಂಚೆ ಫೋಟೊಕ್ಕೆ ಕೂತವರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಪೆಟ್ಜ್‌ವಾಲ್ ಲೆನ್ಸ್ ಅದಕ್ಕಿಂತ ಎಷ್ಟೋ ಪಟ್ಟು ಬೆಳಕು ಒಳಗೆ ಬಿಟ್ಟಿತು. ಫೋಟೊ ಸ್ಟುಡಿಯೋ ಎಂಬ ವ್ಯಾಪಾರ ಕಾಲೂರಿದ್ದರಲ್ಲಿ ಅದರ ಪಾಲು ದೊಡ್ಡದು. ಅದನ್ನು ತಯಾರಿಸಿ ಮಾರಿದ್ದು ಫೋಕ್ಟ್‌ಲೆಂಡರ್ ಎಂಬ ಕಂಪನಿ. ಪೆಟ್ಜ್‌ವಾಲರಿಗೆ ಒಂದೇ ಸಲ 2000 ಗುಲ್ಡೆನ್ ಕೊಟ್ಟು ಕೈತೊಳೆದುಕೊಂಡ ಕಂಪನಿ ಮುಂದೆ ಆ ಲೆನ್ಸನ್ನು ಸಾವಿರಗಟ್ಟಲೆ ಮಾರಿತು. ಇಬ್ಬರಿಗೂ ಜಗಳವಾಗಿ ಕಂಪನಿ ವಿಯೆನ್ನಾ ಬಿಟ್ಟು ಜರ್ಮನಿಗೆ ಹೋಯಿತು. ಬುದ್ಧಿ ಒಬ್ಬರದು, ಲಾಭ ಇನ್ನೊಬ್ಬರದು.

ನಮ್ಮ ಸೀಮೆಗೆ ಬರೋಣ. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೀರತ್ ಹತ್ತಿರದ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನ್ ದಯಾಳ್ 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು ಆರನೇ ನಿಜಾಮ ಮಹಬೂಬ್ ಅಲಿ ಖಾನರ ದರ್ಬಾರಿ ಛಾಯಾಗ್ರಾಹಕರಾದರು. ನಿಜಾಮರು ‘ರಾಜಾ’ ಪದವಿ ಕೊಟ್ಟರು. ಸಂಸ್ಥಾನದ ಊರೂರಿನ ಹಳೆಯ ಕಟ್ಟಡಗಳ ಚಿತ್ರ ತೆಗೆದ ಅವರು ಬೀದರನ್ನೂ ಬಿಡಲಿಲ್ಲ. ಮರದ ದೊಡ್ಡ ಕ್ಯಾಮೆರಾ, ಗಾಜಿನ ತಟ್ಟೆಗಳು, ಹಿತ್ತಾಳೆ ಕೊಳವೆಯ ಲೆನ್ಸು, ಇಷ್ಟನ್ನೂ ಹೊತ್ತು ತಿರುಗಿದ ಕಾಲ ಅದು.

ದೀನ್ ದಯಾಳ್ 1905ರಲ್ಲಿ ತೀರಿಕೊಂಡರು, 1911ರಲ್ಲಿ ನಿಜಾಮರೂ ಹೋದರು. ಸ್ಟುಡಿಯೋದ ವೈಭವ ಇಳಿಯಿತು. ಅವರ 2857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ತೆಗೆದುಕೊಂಡಿದ್ದು 1989ರಲ್ಲಿ, ಅಂದರೆ ಅವರು ಸತ್ತು 84 ವರ್ಷವಾದ ಮೇಲೆ. (ನಿಮ್ಮ ಅಜ್ಜನ ಅಂಗಡಿಯಲ್ಲಿ ಗಾಜಿನ ನೆಗೆಟಿವ್ ಇದ್ದರೆ ಲೆನ್ಸಿನ ಜೊತೆ ಕೊಟ್ಟುಬಿಡಬೇಡಿ. ಅದರ ವಿಚಾರ ಇನ್ನೊಮ್ಮೆ ಬರೆಯುತ್ತೇವೆ.)

ಸ್ವಾತಂತ್ರ್ಯ ಬಂದ ಮೇಲೆ, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, ಹೊರದೇಶದ ಕ್ಯಾಮೆರಾ ಸಲೀಸಾಗಿ ಸಿಗುತ್ತಿರಲಿಲ್ಲ. ಆಮದಿಗೆ ಲೈಸೆನ್ಸು, ಮೇಲೆ ಭಾರಿ ಸುಂಕ. ಫಿಲ್ಮನ್ನೂ ನಾವೇ ಮಾಡಿಕೊಳ್ಳಬೇಕೆಂದು ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು. ಅದರ ‘ಇಂದು’ ಹೆಸರಿನ ಫಿಲ್ಮು ಹಳಬರಿಗೆ ನೆನಪಿರಬಹುದು. ಕ್ಯಾಮೆರಾ ಬೇಕಾದರೆ ಹೊರದೇಶಕ್ಕೆ ಹೋದವರು ತರಬೇಕು, ಇಲ್ಲವೇ ಹೈದರಾಬಾದ್, ಮುಂಬೈ ಬಜಾರಿನಲ್ಲಿ ಹಳೆಯದನ್ನು ಹುಡುಕಬೇಕು. ಸರಕು ಕಡಿಮೆ, ಬೇಡಿಕೆ ಹೆಚ್ಚು. ಬಳಸಿದ ಲೆನ್ಸಿಗೂ ಆಗ ಗಟ್ಟಿ ಬೆಲೆ ಇತ್ತು. ಸ್ಟುಡಿಯೋ ಇಟ್ಟವರು ಕ್ಯಾಮೆರಾವನ್ನು ಹೊಲದಂತೆ ಆಸ್ತಿ ಎಂದೇ ತಿಳಿದಿದ್ದರು, ಆ ಕಾಲಕ್ಕೆ ಅದು ತಪ್ಪೂ ಅಲ್ಲ.

1991ರ ನಂತರ ಆಮದು ಸಡಿಲವಾಯಿತು. ಹೊಸದು ಸಿಗತೊಡಗಿದಂತೆ ಹಳೆಯದರ ಬೆಲೆ ಕುಸಿಯಿತು. ಆದರೂ ಕೆಲಸಕ್ಕೆ ಬರ ಬರಲಿಲ್ಲ. ಟಿ.ಎನ್. ಶೇಷನ್ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಫೋಟೊ ಇರುವ ಮತದಾರರ ಚೀಟಿ ಬಂತು. ರೇಷನ್ ಕಾರ್ಡು, ಹಾಲ್ ಟಿಕೆಟು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲಕ್ಕೂ ಮುಖ ಬೇಕು. ಪಾಸ್‌ಪೋರ್ಟ್ ಸೈಜಿನ ಫೋಟೊ ಹಳ್ಳಿಯ ಸ್ಟುಡಿಯೋಗಳಿಗೆ ವರ್ಷವಿಡೀ ಅನ್ನ ಹಾಕಿತು, ಲಗ್ನಸರಾಯಿ ಅದರ ಮೇಲಿನ ತುಪ್ಪ. 2010ರಲ್ಲಿ ಪಕ್ಕದ ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ಟೆಂಭ್ಲಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಅಲ್ಲಿಂದ ಮುಖದ ಫೋಟೊ ಸರ್ಕಾರಿ ಕೌಂಟರಿನ ಸಣ್ಣ ಕ್ಯಾಮೆರಾಕ್ಕೆ ಹೋಯಿತು. ಉಳಿದದ್ದನ್ನು ಮೊಬೈಲು ನುಂಗಿತು.

ಈಗ ಅಲಮಾರಿಯೊಳಗೆ ಕೈ ಹಾಕೋಣ. ಮೊದಲು ಸಿಗುವುದು ಬಹುಶಃ ಮೇಲಿಂದ ಇಣುಕಿ ನೋಡುವ, ಎರಡು ಕಣ್ಣಿನ ಯಾಶಿಕಾ ಮ್ಯಾಟ್. ಅದರ ಲೆನ್ಸು ಬಿಚ್ಚಿ ಬೇರೆ ಮಾಡಲು ಬರುವುದಿಲ್ಲ. ಇಡೀ ಕ್ಯಾಮೆರಾ ನಡೆಯುವ ಸ್ಥಿತಿಯಲ್ಲಿದ್ದರೆ ಫಿಲ್ಮಿನ ಹುಚ್ಚು ಹತ್ತಿದ ನಗರದ ಹುಡುಗರು ಕೊಳ್ಳುತ್ತಾರೆ, ಶಟರ್ ಕೆಟ್ಟಿದ್ದರೆ ಬೆಲೆ ಬಿಡಿಭಾಗಕ್ಕಷ್ಟೇ. ‘ಲೆನ್ಸ್ ಒಂದಾದರೂ ತೆಗೆದು ಮಾರೋಣ’ ಎಂದು ಸ್ಕ್ರೂಡ್ರೈವರ್ ಹಿಡಿದರೆ ಎರಡೂ ಹಾಳು.

ಬಿಚ್ಚಲು ಬರುವ ಲೆನ್ಸುಗಳ ಕತೆ ಬೇರೆ. ಲೆನ್ಸಿನ ಹಿಂಭಾಗದಲ್ಲಿ ಕ್ಯಾಮೆರಾಕ್ಕೆ ಕೂಡಿಸುವ ಲೋಹದ ಉಂಗುರ ಇರುತ್ತದಲ್ಲ, ಅದಕ್ಕೆ ಮೌಂಟ್ ಎನ್ನುತ್ತಾರೆ. ಕಂಪನಿಗೊಂದು ಮೌಂಟ್. ನಿಕಾನ್ 1959ರಲ್ಲಿ ‘ಎಫ್’ ಮೌಂಟ್ ತಂದು ದಶಕಗಟ್ಟಲೆ ಅದನ್ನೇ ಹಿಡಿದುಕೊಂಡಿತು. ಕ್ಯಾನನ್ ಹಾಗೆ ಮಾಡಲಿಲ್ಲ. 1987ರಲ್ಲಿ ‘ಎಫ್‌ಡಿ’ ಮೌಂಟನ್ನು ಕೈಬಿಟ್ಟು ‘ಇಎಫ್’ ತಂದಿತು, ಎಫ್‌ಡಿ ಲೆನ್ಸಿಗೆ ದುಡ್ಡು ಸುರಿದವರು ಮುಂದಿನ ಕ್ಯಾಮೆರಾ ಇಲ್ಲದೆ ಉಳಿದರು. ಮಿನೊಲ್ಟಾದ್ದು ಇನ್ನೂ ವಿಚಿತ್ರ. 2006ರಲ್ಲಿ ಕಂಪನಿಯೇ ಕ್ಯಾಮೆರಾ ವ್ಯಾಪಾರ ಬಿಟ್ಟಿತು, ಆದರೆ ಅದನ್ನು ಕೊಂಡ ಸೋನಿ ಅದೇ ಮೌಂಟಿನಲ್ಲಿ ಆಲ್ಫಾ ಕ್ಯಾಮೆರಾ ಮಾಡಿತು. ಮುಚ್ಚಿದ ಕಂಪನಿಯ ಆಟೋಫೋಕಸ್ ಲೆನ್ಸಿಗೆ ಮತ್ತೆ ಗಿರಾಕಿ ಹುಟ್ಟಿದರು.

ಮೌಂಟಿನಿಂದ ಫಿಲ್ಮು ಅಥವಾ ಸೆನ್ಸರಿನ ತನಕ ಇರುವ ದೂರದಲ್ಲಿ ಇಡೀ ಗುಟ್ಟಿದೆ. ನಿಕಾನ್ ಎಫ್‌ಗೆ ಅದು 46.5 ಮಿಲಿಮೀಟರ್. ಕ್ಯಾನನ್ ಇಎಫ್‌ಗೆ 44, ಹಳೆಯ ಎಫ್‌ಡಿಗೆ 42. ಲೆನ್ಸಿಗೆ ಬೇಕಾದ ದೂರಕ್ಕಿಂತ ಕ್ಯಾಮೆರಾದ ದೂರ ಕಡಿಮೆಯಿದ್ದರೆ ನಡುವೆ ಒಂದು ಉಂಗುರ (ಅಡಾಪ್ಟರ್) ಹಾಕಿ ಕೊರತೆ ತುಂಬಿಸಬಹುದು. ಜಾಸ್ತಿಯಿದ್ದರೆ ಮಾಡುವಂತಿಲ್ಲ, ದೂರದ ಗುಡ್ಡ ಫೋಕಸ್ಸಿಗೇ ಬರುವುದಿಲ್ಲ. 42ರ ಎಫ್‌ಡಿ ಲೆನ್ಸ್ 44ರ ಹೊಸ ಕ್ಯಾನನ್ ಮೇಲೆ ಸೋತಿದ್ದು ಈ ಎರಡೇ ಎರಡು ಮಿಲಿಮೀಟರಿಗೆ.

ಆಮೇಲೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂತು. ಕನ್ನಡಿಗೆ ಜಾಗ ಬೇಡವಾದ್ದರಿಂದ ದೂರ ಒಮ್ಮೆಲೇ ಕುಗ್ಗಿತು. 2010ರ ಸೋನಿ ‘ಇ’ ಮೌಂಟಿಗೆ 18 ಮಿಲಿಮೀಟರ್, 2018ರಲ್ಲಿ ಬಂದ ನಿಕಾನ್ ‘ಝಡ್’ಗೆ 16, ಕ್ಯಾನನ್ ‘ಆರ್‌ಎಫ್’ಗೆ 20. ಈಗ 42ರ ಲೆನ್ಸಿಗೆ 24 ಮಿಲಿಮೀಟರಿನ ಉಂಗುರ ಹಾಕಿದರೆ ಸೋನಿ ಮೇಲೆ ಕೂತಿತು! ಮೂವತ್ತು ವರ್ಷ ಮೂಲೆಯಲ್ಲಿದ್ದ ಲೆನ್ಸುಗಳು ಹೀಗೆ ಎದ್ದು ಬಂದವು. ಆಟೋಫೋಕಸ್ ಇಲ್ಲ, ಕೈಯಿಂದ ತಿರುಗಿಸಬೇಕು. ಕಿರುಚಿತ್ರ, ಪ್ರೀ-ವೆಡ್ಡಿಂಗ್ ವಿಡಿಯೋ ಮಾಡುವವರಿಗೆ ಅದೇ ಬೇಕು.

ಜೆನಿಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸೋವಿಯತ್ ರಷ್ಯಾದ ಕಲ್ಲಿನಂಥ ಕ್ಯಾಮೆರಾ ಅದು, ದೇಹಕ್ಕೆ ಇವತ್ತು ಹೇಳಿಕೊಳ್ಳುವ ಬೆಲೆ ಇಲ್ಲ. ಆದರೆ ಅದರ ಮೂತಿಗೆ ತಿರುಪಿನಂತೆ ಕೂರುವ ಹೆಲಿಯೋಸ್-44 ಲೆನ್ಸ್, 58 ಮಿಲಿಮೀಟರಿನದು, ಜರ್ಮನಿಯ ಝೈಸ್ ಬಯೋಟಾರ್ ಲೆನ್ಸಿನ ಪಡಿಯಚ್ಚು. ಮುಖದ ಹಿಂದಿನ ಗಿಡಮರಗಳನ್ನು ಸುಳಿಯಂತೆ ತಿರುಗಿಸಿ ತೋರಿಸುವ ಅದರ ಗುಣಕ್ಕೆ ಹುಡುಗರು ಮರುಳಾಗಿದ್ದಾರೆ. ತಮಾಷೆ ಎಂದರೆ ಲೆನ್ಸಿನ ಲೆಕ್ಕದಲ್ಲಿ ಅದೊಂದು ದೋಷ. ದೋಷಕ್ಕೇ ಬೆಲೆ! ‘ಎಲ್ಲಾ ಸೇರಿಸಿ ಇಷ್ಟು’ ಎಂದವರ ಕಣ್ಣು ಬಹಳ ಸಲ ಜೆನಿಟ್ ಮೇಲೆ ಇರುವುದಿಲ್ಲ, ಅದರ ಮೂತಿಯ ಮೇಲೆ ಇರುತ್ತದೆ.

ಡಿಜಿಟಲ್ ಕಾಲದ ಲೆನ್ಸಿನಲ್ಲೂ ಇಂಥದೇ ಸೂಕ್ಷ್ಮವಿದೆ. ನಿಕಾನಿನ ‘ಎಎಫ್-ಡಿ’ ಲೆನ್ಸಿನೊಳಗೆ ಮೋಟಾರಿಲ್ಲ, ಕ್ಯಾಮೆರಾದ ಮೋಟಾರು ಅದನ್ನು ತಿರುಗಿಸಬೇಕು. ಡಿ90, ಡಿ7000 ಕ್ಯಾಮೆರಾಗಳಲ್ಲಿ ಆ ಮೋಟಾರು ಇದೆ, ಹೊಸಬರು ಕೊಳ್ಳುವ ಡಿ3000, ಡಿ5000 ಸಾಲಿನಲ್ಲಿ ಇಲ್ಲ. ಅಂಥವರಿಗೆ ಈ ಲೆನ್ಸ್ ತೋರಿಸಿದರೆ ‘ಫೋಕಸ್ ಆಗ್ತಿಲ್ಲ, ಕೆಟ್ಟಿದೆ’ ಎಂದು ಅರ್ಧಕ್ಕೆ ಕೇಳುತ್ತಾರೆ. ಕೆಟ್ಟಿಲ್ಲ, ಜೋಡಿ ತಪ್ಪಿದೆ. ಸರಿಯಾದ ಕ್ಯಾಮೆರಾ ಇದ್ದವರಿಗೆ ತೋರಿಸಬೇಕು. ಇನ್ನು ಕ್ಯಾಮೆರಾದ ಜೊತೆ ಡಬ್ಬಿಯಲ್ಲೇ ಬರುವ 18-55 ಲೆನ್ಸ್ ಮನೆಮನೆಯಲ್ಲಿದೆ, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಹೊಸದರ ಬೆಲೆ ಇಳಿದರೂ ಹಳೆಯದು ಇಳಿಯುತ್ತದೆ. 2018ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾದ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು. ಅದೇ ವರ್ಷ ನಿಕಾನ್, ಕ್ಯಾನನ್ ಹೊಸ ಮೌಂಟಿಗೆ ಹೊರಳಿದ್ದವು. ಹಾಗಾಗಿ ಕನ್ನಡಿ ಇರುವ ಕ್ಯಾಮೆರಾದ ಆಟೋಫೋಕಸ್ ಲೆನ್ಸುಗಳ ದಾರಿ ಇಳಿಜಾರಿನದೇ. ಕೆಲಸಕ್ಕೆ ಬಳಸದೆ ಸುಮ್ಮನೆ ಇಟ್ಟಿದ್ದರೆ ಅವನ್ನು ಮೊದಲು ಮಾರಿ. ಕೈಯಿಂದ ತಿರುಗಿಸುವ, ಗಾಜು ಚೊಕ್ಕ ಇರುವ ಹಳೆಯ ಲೆನ್ಸುಗಳಿಗೆ ಅಷ್ಟು ಅವಸರವಿಲ್ಲ. ಇದು ನಮ್ಮ ಅಭಿಪ್ರಾಯ.

ತೊಗರಿ, ಉದ್ದು ಮಂಡಿಗೆ ಒಯ್ದಾಗ ಮೊದಲು ತೇವ ನೋಡುತ್ತಾರೆ. ಲೆನ್ಸಿಗೂ ಶತ್ರು ತೇವವೇ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನಲ್ಲಿ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ. ವ್ಯಾಪಾರಿಗಳು ಫಂಗಸ್ ಎನ್ನುತ್ತಾರೆ. ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಬೂಷ್ಟು, ಮಂಜಿನಂಥ ಮಸುಕು, ಒಳಗಿನ ಎಸಳುಗಳ ಮೇಲೆ ಎಣ್ಣೆ, ಇವು ಮೂರೂ ಬೆಲೆ ಕಡಿಯುತ್ತವೆ. ನಾಲ್ಕು ಧೂಳಿನ ಕಣ ಏನೂ ಅಲ್ಲ, ಅದನ್ನೇ ದೊಡ್ಡದು ಮಾಡಿ ಬೆಲೆ ಇಳಿಸುವವರ ಮಾತಿಗೆ ಮಣಿಯಬೇಡಿ. ದೋಷವಿದ್ದರೆ ನೀವೇ ಮೊದಲು ಹೇಳಿ, ಫೋಟೊದಲ್ಲಿ ತೋರಿಸಿ. ಊರಿಗೆ ಬಂದ ಮೇಲೆ ಕಂಡುಹಿಡಿದ ದೋಷಕ್ಕೆ ಎರಡು ಪಟ್ಟು ಇಳಿಸುತ್ತಾರೆ.

ಬೆಲೆ ತಿಳಿಯಲು ನಾವು ಕಂಡುಕೊಂಡ ದಾರಿ ಸರಳ. ಲೆನ್ಸಿನ ಮುಂದಿನ ಸುತ್ತಿನ ಮೇಲೆ ಬರೆದಿರುವ ಹೆಸರು, ಅಂಕಿ ಪೂರ್ತಿ ಬರೆದುಕೊಳ್ಳಿ. ಹೈದರಾಬಾದಿನ ಕೋಠಿಯೋ ಮುಂಬೈಯ ಬೋರಾ ಬಜಾರೋ, ಎರಡು ಮೂರು ಅಂಗಡಿಗೆ ಫೋನು ಮಾಡಿ, ಮಾರುವವರಂತಲ್ಲ, ಕೊಳ್ಳುವವರಂತೆ ಕೇಳಿ: ‘ಈ ಲೆನ್ಸ್ ಇದೆಯಾ, ಎಷ್ಟಕ್ಕೆ ಕೊಡ್ತೀರಿ?’ ಅವರು ಹೇಳಿದ್ದು ಮೇಲಿನ ಗೆರೆ. ಅಂಗಡಿಯವರಿಗೂ ಬಾಡಿಗೆ, ರಿಪೇರಿ, ಲಾಭ ಬೇಕು, ಹಾಗಾಗಿ ಅವರಿಗೇ ಮಾರಿದರೆ ಅದಕ್ಕಿಂತ ಕಡಿಮೆ ಬರುವುದು ನ್ಯಾಯವೇ. ನೇರವಾಗಿ ಇನ್ನೊಬ್ಬ ಫೋಟೊಗ್ರಾಫರಿಗೆ ಮಾರಿದರೆ ನಡುವೆ ಎಲ್ಲೋ ನಿಲ್ಲುತ್ತದೆ. ಆನ್‌ಲೈನಿನಲ್ಲಿ ಜನ ಬರೆದುಕೊಂಡ ಬೆಲೆ ನೋಡಿ ಹಿಗ್ಗಬೇಡಿ, ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಎಕ್ಸ್‌ಚೇಂಜಿನಲ್ಲಿ ಹಳೆಯದಕ್ಕೆ ಹೆಚ್ಚು ತೋರಿಸಿದರೆ, ಹೊಸದನ್ನು ನಗದಿಗೆ ಎಷ್ಟಕ್ಕೆ ಕೊಡುತ್ತೀರಿ ಎಂದು ಅದೇ ಉಸಿರಿನಲ್ಲಿ ಕೇಳಿ.

ಲಗ್ನಸರಾಯಿ ಶುರುವಾಗುವ ಮುಂಚೆ ಕೆಲಸ ಹಿಡಿದ ಹುಡುಗರಿಗೆ ಲೆನ್ಸು ಬೇಕಿರುತ್ತದೆ, ಮಾರಲು ಅದೇ ಹೊತ್ತು. ಕೊಳ್ಳುವವರು ಎದುರಿಗೆ ಬಂದು ತಮ್ಮ ಕ್ಯಾಮೆರಾಕ್ಕೆ ಹಾಕಿ ನೋಡಲಿ. ದೂರದಿಂದಲೇ, ನೋಡದೆ, ಚೌಕಾಸಿ ಮಾಡದೆ ಒಪ್ಪಿ, ತಾವು ಸೈನಿಕರೆಂದು ಹೇಳಿಕೊಂಡು ಕ್ಯೂಆರ್ ಕೋಡ್ ಕಳಿಸುವವರಿದ್ದಾರೆ. ನಮಗೆ ಹಣ ಬರಲು ನಾವು ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಒತ್ತಿದರೆ ಹೋಗುವುದು ನಮ್ಮದೇ ದುಡ್ಡು. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾರಿದ ಮೇಲೆ ಒಂದು ಹಾಳೆಯಲ್ಲಿ ಲೆನ್ಸಿನ ಸೀರಿಯಲ್ ನಂಬರು, ತಾರೀಖು, ಮೊತ್ತ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.